ಟೆಸ್ಟ್ ಪಾಸಾಯಿತೆಂದು ಗೋಡೆ ಮುಚ್ಚಬೇಡಿ: ಪ್ರೆಸ್ ಜಾಯಿಂಟಿನಿಂದ ನಾನು ಕಲಿತದ್ದು

"ಏನಪ್ಪಾ, ನೀನು ಪೈಪು ಹಾಕಿದ ಗೋಡೆ ಬೆವರ್ತಾ ಇದೆಯಲ್ಲ" ಎಂದು ಆ ಮನೆಯ ಅಮ್ಮ ಫೋನ್ ಮಾಡಿದಾಗ ಕೆಲಸ ಮುಗಿದು 7 ತಿಂಗಳಾಗಿತ್ತು. ಹೋಗಿ ಕೈಯಿಟ್ಟು ನೋಡಿದೆ. ಬಣ್ಣ ಉಬ್ಬಿತ್ತು, ಗಾರೆ ಬೆಚ್ಚಗಿತ್ತು. ತಣ್ಣಗಿದ್ದಿದ್ದರೆ ಬೇರೆ ಯಾವುದೋ ತೇವ ಅನ್ನಬಹುದಿತ್ತು. ಬೆಚ್ಚಗಿದೆ ಎಂದರೆ ಬಿಸಿನೀರಿನ ಲೈನೇ, ನಾನೇ ಹಾಕಿದ್ದು.

ಗೋಡೆ ಒಡೆದೆವು. 22 ಮಿ.ಮೀ. ತಾಮ್ರದ ಕೊಳವೆ, ಪ್ರೆಸ್ ಎಲ್ಬೋ, ಅಂದರೆ ಬೆಸುಗೆಯಿಲ್ಲದೆ ಮೆಷಿನ್ನಿನಿಂದ ಒತ್ತಿ ಕೂಡಿಸುವ ಮೂಲೆಯ ತಿರುವು. ಎಲ್ಬೋದ ಬಾಯಲ್ಲಿ ಒಂದು ಹನಿ ಕಟ್ಟುತ್ತದೆ, ಬೀಳುತ್ತದೆ, ಮತ್ತೆ ಕಟ್ಟುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕೊಳವೆ ಸಣ್ಣಗೆ ಆಡುತ್ತಿತ್ತು. ಒತ್ತಿದ ಗುರುತು ಮಾತ್ರ ಸುತ್ತಲೂ ಅಚ್ಚುಕಟ್ಟಾಗಿತ್ತು. ಕತ್ತರಿಸಿ ತೆಗೆದು, ಎಲ್ಬೋವನ್ನು ಉದ್ದಕ್ಕೆ ಸೀಳಿ ನೋಡಿದಾಗ ಗೊತ್ತಾಯಿತು: ಕೊಳವೆ ಒಳಗೆ ಹೋಗಿದ್ದದ್ದು 11 ಮಿ.ಮೀ. ಹೋಗಬೇಕಾಗಿದ್ದದ್ದು ಅದರ ಎರಡರಷ್ಟು.

ಪ್ರೆಸ್ ಫಿಟ್ಟಿಂಗ್ ಹೇಗೆ ಹಿಡಿಯುತ್ತದೆ ಅಂತ ಗೊತ್ತಿದ್ದರೆ ಇದು ಎಷ್ಟು ಕೆಟ್ಟದ್ದು ಅಂತ ಅರ್ಥವಾಗುತ್ತದೆ. ಬಾಯಿಯ ಹತ್ತಿರದ ಉಬ್ಬಿನೊಳಗೆ ರಬ್ಬರಿನ ಓ-ರಿಂಗ್ ಕೂತಿರುತ್ತದೆ. ಮೆಷಿನ್ನಿನ ಜಾ, ಅಂದರೆ ಒತ್ತುವ ದವಡೆ, ಆ ಉಬ್ಬನ್ನು ಅದುಮಿದಾಗ ರಿಂಗು ಕೊಳವೆಗೆ ಅಂಟಿ ನೀರನ್ನು ತಡೆಯುತ್ತದೆ. ಅದರ ಪಕ್ಕದಲ್ಲಿ ಲೋಹವೇ ಕೊಳವೆಯೊಳಕ್ಕೆ ತಗ್ಗಿ ಕಚ್ಚಿಕೊಳ್ಳುತ್ತದೆ, ಕೊಳವೆ ಜಾರದಂತೆ ಹಿಡಿಯುವುದು ಅದು. ನೀರು ತಡೆಯುವ ಕೆಲಸ ಒಂದು, ಹಿಡಿದಿಡುವ ಕೆಲಸ ಇನ್ನೊಂದು. ನನ್ನ ಕೊಳವೆ ರಿಂಗನ್ನು ದಾಟಿ ಸ್ವಲ್ಪವೇ ಮುಂದೆ ಹೋಗಿ ನಿಂತಿತ್ತು. ರಿಂಗು ತನ್ನ ಕೆಲಸ ಮಾಡಿತು, ಹಿಂದಿನ ಹಿಡಿತಕ್ಕೆ ಸಿಕ್ಕಿದ್ದು ಬರೀ ಅಂಚು.

ಅದಕ್ಕೇ ಟೆಸ್ಟಿನಲ್ಲಿ ಏನೂ ಗೊತ್ತಾಗಲಿಲ್ಲ. ತಣ್ಣೀರು ತುಂಬಿ 10 ಬಾರ್ ಏರಿಸಿ ಒಂದು ಗಂಟೆ ಬಿಟ್ಟಿದ್ದೆ, ಗೇಜಿನ ಮುಳ್ಳು ಅಲುಗಲಿಲ್ಲ. ಅಷ್ಟು ಒತ್ತಡದಲ್ಲಿ 22 ಮಿ.ಮೀ. ಕೊಳವೆಯ ತುದಿಯನ್ನು ನೀರು ಸುಮಾರು 39 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ದಬ್ಬುತ್ತದೆ. ಆ ಅರೆಬರೆ ಹಿಡಿತ ಅದನ್ನೂ ತಾಳಿಕೊಂಡಿತು. ಅಮ್ಮನನ್ನು ಕರೆದು ಗೇಜು ತೋರಿಸಿದೆ, ಮಾರನೇ ದಿನ ಗಾರೆ ಬಿತ್ತು.

ತಾಳದೇ ಹೋದದ್ದು ಬಿಸಿಯನ್ನು. ತಾಮ್ರ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.017 ಮಿ.ಮೀ. ಹಿಗ್ಗುತ್ತದೆ. ನನ್ನ ನೇರ ಲೈನು 12 ಮೀಟರ್. 20 ಡಿಗ್ರಿಯಿಂದ 70ಕ್ಕೆ ಕಾದರೆ 10 ಮಿ.ಮೀ. ಉದ್ದವಾಗುತ್ತದೆ. ಹಿಗ್ಗಲು ಜಾಗ ಕೊಡುವ ಬಳಸು ತಿರುವು, ಅಂದರೆ ಲೂಪ್, ಕೊಟ್ಟಿರಲಿಲ್ಲ, ಕ್ಲ್ಯಾಂಪುಗಳನ್ನೂ ಗಟ್ಟಿಯಾಗಿ ಬಿಗಿದಿದ್ದೆ. ಹಾಗಾಗಿ ಕಾದಾಗ ತಳ್ಳುವುದು, ತಣಿದಾಗ ಎಳೆಯುವುದು ಎಲ್ಲಾ ಆ ಒಂದು ಎಲ್ಬೋದ ಮೇಲೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, 7 ತಿಂಗಳು.

ಕೊಳವೆ ಯಾಕೆ ಪೂರ್ತಿ ಒಳಗೆ ಹೋಗಿರಲಿಲ್ಲ? ಹೋಗಿತ್ತು ಅಂತಲೇ ನನ್ನ ನಂಬಿಕೆ. ಮೂಲೆ ಇಕ್ಕಟ್ಟಾಗಿತ್ತು. ಮೆಷಿನ್ ಹಿಡಿಸಲು ಕೊಳವೆಯನ್ನು ಪಕ್ಕಕ್ಕೆ ಜಗ್ಗಿದೆ, ಆಗಲೇ ಹಿಂದೆ ಸರಿದಿರಬೇಕು. ಒತ್ತುವ ಮೊದಲು ಜೊತೆಗಿದ್ದ ಹುಡುಗ ಮಾರ್ಕರ್ ಹಿಡಿದುಕೊಂಡು "ಅಣ್ಣಾ, ಗೆರೆ ಎಳೀಲಾ?" ಅಂತ ಕೇಳಿದ. ಕೊಳವೆ ಎಷ್ಟು ಆಳ ಒಳಗೆ ಹೋಗಬೇಕೋ ಅಲ್ಲಿಗೆ ಕೊಳವೆಯ ಮೇಲೆ ಎಳೆಯುವ ಗುರುತು ಅದು. "ಬೇಡ ಬಿಡೋ, ಹೊತ್ತಾಯ್ತು" ಅಂದದ್ದು ನಾನು. ಆ ಗೆರೆ ಇದ್ದಿದ್ದರೆ ಎಲ್ಬೋದ ಬಾಯಿಂದ ಒಂದು ಬೆರಳಗಲ ದೂರ ಕಾಣುತ್ತಿತ್ತು, ಒತ್ತುವ ಮೊದಲೇ ಕಾಣುತ್ತಿತ್ತು. ಒತ್ತಿದ ಮೇಲೆ ಗೆರೆಯಿಲ್ಲದ ಜಾಯಿಂಟನ್ನು ಹೊರಗಿನಿಂದ ಎಷ್ಟು ನೋಡಿದರೂ ಒಳಗೆ ಕೊಳವೆ ಎಲ್ಲಿ ನಿಂತಿದೆ ಅಂತ ತಿಳಿಯುವುದಿಲ್ಲ.

ಆದ್ದರಿಂದ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಬೇಡಿಕೆ: ಗೋಡೆ ಮುಚ್ಚುವ ಮೊದಲು ಟಾರ್ಚ್ ಹಿಡಿದು ಪ್ರತಿ ಜಾಯಿಂಟಿನ ಹತ್ತಿರ ಹೋಗಿ. ಕೊಳವೆಯ ಮೇಲೆ ಮಾರ್ಕರ್ ಗೆರೆ ಫಿಟ್ಟಿಂಗಿನ ಬಾಯಿಗೆ ತಾಗಿದಂತೆ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಫಿಟ್ಟರ್ ಮುಖ ಗಂಟಿಕ್ಕಿದರೂ ಕೇಳಿ. ಎಷ್ಟು ಆಳ ಹೋಗಬೇಕು ಎಂಬುದು ಆಯಾ ಕಂಪನಿಯ ಪಟ್ಟಿಯಲ್ಲಿರುತ್ತದೆ. ಸಾಧ್ಯವಿದ್ದರೆ ಮುಚ್ಚುವ ಮೊದಲು ಕೆಲವು ದಿನ ಬಿಸಿನೀರನ್ನೇ ಓಡಿಸಿ ತಣಿಸಿ ನೋಡಿ.

ನಮ್ಮ ಕೆಲಸದವರಿಗೂ ಒಂದು ಮಾತು. ಒತ್ತಲು ಮರೆತ ಜಾಯಿಂಟು ಸೋರಿ ತೋರಿಸುವಂತೆ ಈಗ ಎಷ್ಟೋ ಫಿಟ್ಟಿಂಗುಗಳನ್ನು ಮಾಡಿರುತ್ತಾರೆ. ಅದಕ್ಕೆ ಮೊದಲು ಕಡಿಮೆ ಒತ್ತಡದಲ್ಲಿ ನೋಡಬೇಕು, ನೇರವಾಗಿ ಏರಿಸಬಾರದು. ಆದರೆ ಅದು ಮರೆತದ್ದನ್ನು ಹಿಡಿಯುತ್ತದೆ, ಅರ್ಧ ಹೋದದ್ದನ್ನಲ್ಲ. ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ರೀಮರ್‌ನಿಂದ ಸವರಿ, ಒಂದು ಚೂಪು ಉಳಿದರೂ ರಿಂಗು ಸೀಳುತ್ತದೆ. ಗ್ರೀಸ್ ಮುಟ್ಟಿಸಬೇಡಿ, ನೀರಿನ ಲೈನಿನ ಕಪ್ಪು ಇಪಿಡಿಎಂ ರಬ್ಬರಿನ ರಿಂಗು ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ಎಂ, ವಿ ಅನ್ನುವುದು ಒತ್ತುವ ಆಕಾರಗಳ ಹೆಸರು; ಎಂ ಪ್ರೊಫೈಲ್ ಫಿಟ್ಟಿಂಗಿಗೆ ವಿ ಜಾ ಹಾಕಿ ಒತ್ತಬೇಡಿ.

ರಿಪೇರಿಗೆ ಸ್ಲಿಪ್ ಕಪ್ಲಿಂಗ್, ಅಂದರೆ ಎರಡು ಕೊಳವೆ ತುದಿಗಳನ್ನು ಕೂಡಿಸುವ ಜಾರುವ ತುಂಡು, ಹಾಕುವಾಗಲಂತೂ ಇನ್ನೂ ಹುಷಾರು. ಅದರೊಳಗೆ ತಡೆಯೇ ಇರುವುದಿಲ್ಲ, ಕೊಳವೆಯ ಮೇಲೆ ಎಷ್ಟು ದೂರ ಬೇಕಾದರೂ ಜಾರುತ್ತದೆ. ಎರಡೂ ಕಡೆ ಗೆರೆ ಎಳೆಯದಿದ್ದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗಿ ಅದೇ ತಪ್ಪು ಮತ್ತೆ ಗೋಡೆಯೊಳಗೆ ಸೇರುತ್ತದೆ.

ಆ ಮನೆಯಲ್ಲಿ ಕೈಗೆ ಸಿಗುವ 9 ಜಾಯಿಂಟುಗಳನ್ನು ನನ್ನ ಖರ್ಚಿನಲ್ಲೇ ಕತ್ತರಿಸಿ ನೋಡಿದೆ. ಇನ್ನೊಂದು ಕೂಡ ಪೂರ್ತಿ ಹೋಗಿರಲಿಲ್ಲ, ಅದಿನ್ನೂ ಸೋರಲು ಶುರುವಾಗಿರಲಿಲ್ಲ ಅಷ್ಟೆ. ಎಲ್ಲವನ್ನೂ ಹೊಸದಾಗಿ, ಗೆರೆ ಎಳೆದೇ ಹಾಕಿದೆ, ಲೂಪ್ ಕೊಟ್ಟೆ. ಬಚ್ಚಲಿನ ಟೈಲ್ಸ್ ಹಿಂದೆ 6 ಉಳಿದಿವೆ. ಅವಕ್ಕೂ ಗೆರೆ ಇಲ್ಲ ಎಂದು ಅಮ್ಮನಿಗೆ ಹೇಳಿದೆ, ಎಲ್ಲೆಲ್ಲಿವೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ತಿಂಗಳಿಗೊಮ್ಮೆ ಹೋಗಿ ಆ ಟೈಲ್ಸಿನ ಮೇಲೆ ಅಂಗೈ ಇಟ್ಟು ನೋಡಿ ಬರುತ್ತೇನೆ.