ಹುಬ್ಬಳ್ಳಿಯ ಆರ್‌ಟಿಆರ್ ಕೋಚಿಂಗ್: ಫ್ಯಾನಿಗೆ ಸೊನ್ನೆ, ಮೇಡೇ ಪಾಠಕ್ಕೆ ಪೂರ್ತಿ ಅಂಕ

ಪೈಲಟ್ ಆಗೋರು ರೇಡಿಯೊದಲ್ಲಿ ಮಾತಾಡಬೇಕಂದ್ರೆ ಆರ್‌ಟಿಆರ್ ಪರೀಕ್ಷೆ ಪಾಸಾಗಬೇಕು. ಅದಕ್ಕಾಗಿ ಎಂಟು ಭಾನುವಾರ ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿದೆ. ಗೋಕುಲ ರೋಡಿನಲ್ಲಿ ಒಂದು ಜ್ಯೂಸ್ ಅಂಗಡಿಯ ಮೇಲಿನ ಮಹಡಿ. ಹೆಸರು ಬೇಡ ಬಿಡಿ. ಹತ್ತು ಜನರ ಬ್ಯಾಚ್ ಅಂದವರು ಹದಿನೇಳು ಜನರನ್ನು ತುಂಬಿದ್ದರು. ಇದ್ದದ್ದು ಒಂದೇ ಫ್ಯಾನ್, ಅದೂ ಸರ್ ಕುರ್ಚಿಯ ಮೇಲೆ.

ಆದರೆ ಐದನೇ ಭಾನುವಾರದ ಪಾಠಕ್ಕೆ ಕೊಟ್ಟ ದುಡ್ಡೆಲ್ಲ ವಸೂಲಾಯಿತು: ಮೇಡೇ, ಅಂದರೆ ಪ್ರಾಣಾಪಾಯದಲ್ಲಿರುವ ವಿಮಾನದ ಕರೆ, ನಿಜವೋ ಕುಚೇಷ್ಟೆಯೋ ಗೊತ್ತಾಗದಿದ್ದರೆ ಏನು ಮಾಡಬೇಕು ಅನ್ನೋದು. ಸರ್ ನಿವೃತ್ತ ಏರ್ ಟ್ರಾಫಿಕ್ ಕಂಟ್ರೋಲರ್. ಮೆಟ್ಟಿಲ ಮೇಲೆ ನಿಂತು ನನಗೆ ಫೋನ್ ಮಾಡಿ, "ಮೇಡೇ, ಮೇಡೇ, ಮೇಡೇ" ಅಂದರು. ನಾನು ಟವರ್, ಅಂದರೆ ನೆಲದಲ್ಲಿ ಕೂತು ಉತ್ತರ ಕೊಡೋ ಕಂಟ್ರೋಲರ್ ಪಾತ್ರ. ಹಿಂದೆ ಗರ್ರ್ ಅಂತ ಸದ್ದು. "ಸುಳ್ಳು ಸರ್, ಅದು ಕೆಳಗಿನ ಮಿಕ್ಸರ್" ಅಂತ ನಕ್ಕುಬಿಟ್ಟೆ.

ಸರ್ ನಗಲಿಲ್ಲ. "ಸುಳ್ಳು ಅಂತ ನಿನಗ ಯಾರು ಹೇಳಿದ್ರು ತಂಗಿ? ಮೊದಲ ಖರೇ ಅಂತ ತಿಳಕೋ."

ಮೊದಲು "ರೋಜರ್ ಮೇಡೇ", ಅಂದರೆ ಕರೆ ಕೇಳಿಸಿತು, ಅನ್ನಬೇಕು. ಉಳಿದ ವಿಮಾನಗಳನ್ನು ಸುಮ್ಮನಿರಿಸಬೇಕು. ಆಮೇಲೆ ಕೇಳಬೇಕು: ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನದ ಹೆಸರು) ಏನು, ಎಲ್ಲಿದ್ದೀರಿ, ಎಷ್ಟು ಎತ್ತರ, ಎಷ್ಟು ಜನ, ಎಷ್ಟು ಹೊತ್ತಿನ ಇಂಧನ. ಕುಚೇಷ್ಟೆ ಮಾಡೋನು ಇಲ್ಲಿ ತಡವರಿಸಬಹುದು. ಗಾಬರಿಯಾದ ಪೈಲಟ್ ಕೂಡ ತಡವರಿಸುತ್ತಾನಲ್ವಾ? ವಿಮಾನದ ಗುರುತು ಕಳಿಸೋ ಯಂತ್ರದಲ್ಲಿ ತುರ್ತು ಸಂಕೇತ 7700 ಹಾಕು ಅಂದರೆ ನಿಜವಾದ ವಿಮಾನ ರೇಡಾರ್ ಪರದೆಯಲ್ಲಿ ತುರ್ತು ಅಂತ ಕಾಣುತ್ತದೆ. ಆದರೆ ಕರೆಂಟ್ ಹೋದ ವಿಮಾನ ಅದನ್ನೂ ಹಾಕಲಾರದು.

ನನಗೆ ಜಾಸ್ತಿ ಹಿಡಿಸಿದ್ದು ಅಲೆಗಳ ಲೆಕ್ಕ. ವಿಮಾನದ ರೇಡಿಯೊ ಬಳಸುವ ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಹೋಗುತ್ತದೆ. ಕಟ್ಟಡಗಳ ನಡುವೆ ಕೂತು ಹ್ಯಾಂಡ್‌ಸೆಟ್ ಒತ್ತುವವನ ದನಿ ಟವರಿಗೆ ಕೇಳದೆ, ಮೇಲೆ ಹಾರುವ ವಿಮಾನಕ್ಕೆ ಸ್ಪಷ್ಟವಾಗಿ ಕೇಳಬಹುದು. ಹಾಗಾಗಿ ಯಾರ್ಯಾರಿಗೆ ಕೇಳಿತು ಅಂತ ವಿಚಾರಿಸುತ್ತಾರೆ. ದನಿ ಬಂದ ದಿಕ್ಕು ತೋರಿಸುವ ಯಂತ್ರವೂ ಇರುತ್ತದೆ. ಎರಡು ಕಡೆಯಿಂದ ದಿಕ್ಕು ಸಿಕ್ಕರೆ ಗೆರೆ ಕೂಡುವಲ್ಲಿ ಆಸಾಮಿ ಇದ್ದಾನೆ. ಸುಳ್ಳು ಅಂತ ಖಾತ್ರಿಯಾಗುವವರೆಗೆ ಹುಡುಕಾಟ ನಿಲ್ಲಿಸುವಂತಿಲ್ಲ. ತುರ್ತು ಕರೆಯ 121.5 ಮೆಗಾಹರ್ಟ್ಸ್‌ನಲ್ಲಿ ಅಷ್ಟೂ ಹೊತ್ತು ಆ ಪುಣ್ಯಾತ್ಮ ಹರಟುತ್ತಿದ್ದರೆ, ನಿಜವಾಗಿ ಕಷ್ಟದಲ್ಲಿರೋನ ಕೂಗು ಅದರಡಿ ಮುಚ್ಚಿಹೋಗಬಹುದು.

ಎರಡನೇ ಸಲ ಮಿಕ್ಸರ್ ಗರ್ರ್ ಅಂದಾಗ ನಾನು ನಗಲಿಲ್ಲ. "ಎಷ್ಟು ಜನ ಇದ್ದೀರಿ?" ಅಂತ ಕೇಳಿದೆ.

ಉಳಿದ ಏಳು ವಾರ ಪರವಾಗಿಲ್ಲ ಅನ್ನೋ ಮಟ್ಟ. ನೋಟ್ಸ್ ಜೆರಾಕ್ಸ್ ಮಾತ್ರ ತೀರಾ ಮಸುಕು. ಸೇರುವವರು ಮೊದಲ ದಿನವೇ ಒಳ್ಳೆ ಪ್ರತಿ ಕೇಳಿ ಇಸ್ಕೊಳ್ಳಿ, ಬಾಗಿಲ ಹತ್ತಿರ ಕೂರಿ.