ಕಫ ಕೀಳೋಕೆ ನಾನು ಮಾಡಿ ನೋಡಿದ್ದು: ಇಟ್ಟಿಗೆ, ಹಫ್, ಅಕಪೆಲ್ಲಾ, ಬಾಟಲಿ

ಟಿಬಿ ವಾಸಿಯಾಗಿ ಹನ್ನೊಂದು ವರ್ಷವಾಯಿತು. ಆದರೆ ಎಡ ಶ್ವಾಸಕೋಶದ ತಳದ ಕೊಳವೆಗಳು ಅಗಲವಾಗಿ ಜೋತುಬಿದ್ದಿವೆ, ಕಫ ಅಲ್ಲೇ ಮಡುಗಟ್ಟುತ್ತೆ. ಬ್ರಾಂಕಿಯೆಕ್ಟಾಸಿಸ್ ಅಂತಾರೆ. ಭಾರತದ ರೋಗಿಗಳ ನೋಂದಣಿಯೊಂದರಲ್ಲಿ 2195 ಜನರ ಪೈಕಿ ಶೇ. 35.5 ಮಂದಿಗೆ ಇದು ಹಳೇ ಟಿಬಿಯಿಂದಲೇ ಬಂದದ್ದು. ಸೋಂಕಿಗೆ ಮಾತ್ರೆ ಇದೆ, ಕಫ ಮಾತ್ರ ನಾವೇ ಕೀಳಬೇಕು.

ಮೊದಲು ಕಲಿಸಿದ್ದು ಮಲಗಿ ಇಳಿಸೋದು. ಮಂಚದ ಕಾಲಕಡೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಬಲಮಗ್ಗುಲಾಗಿ ಮಲಗಬೇಕು. ಹೆಂಡತಿ ಬೊಗಸೆ ಕೈ ಮಾಡಿ ಎಡ ಪಕ್ಕೆಗೆ ತಟ್ಟುತ್ತಿದ್ದಳು. ಕಫ ಬರುತ್ತಿತ್ತು, ಜೊತೆಗೆ ಹುಳಿತೇಗೂ. ಮುದ್ದೆ ಉಂಡು ಎರಡು ಗಂಟೆಯಾಗಿದ್ದರೂ ಗಂಟಲಿಗೆ ಬರೋದು. ಅವಳು ತವರಿಗೆ ಹೋದರಂತೂ ನನ್ನ ಚಿಕಿತ್ಸೆಗೂ ರಜ. ಎರಡು ತಿಂಗಳಿಗೆ ಇಟ್ಟಿಗೆ ವಾಪಸ್ ಹಿತ್ತಲು ಸೇರಿದವು.

ಆಮೇಲೆ ಇನ್ನೊಬ್ಬ ಫಿಸಿಯೋ ಎಸಿಬಿಟಿ ಅನ್ನೋ ಸರದಿ ಉಸಿರಾಟದ ಕ್ರಮ ಹೇಳಿಕೊಟ್ಟರು. ಸ್ವಲ್ಪ ಹೊತ್ತು ಸಾವಕಾಶ ಉಸಿರು, ಮೂರ್ನಾಲ್ಕು ಸಲ ಆಳವಾಗಿ ಎಳೆದು ಮೂರೆಣಿಸೋವರೆಗೆ ಹಿಡಿಯೋದು, ಮತ್ತೆ ಸಾವಕಾಶ, ಕೊನೆಗೆ ಹಫ್. "ಕನ್ನಡಕ ಒರೆಸೋಕೆ ಮುಂಚೆ ಗಾಜಿಗೆ ಹಾ ಅಂತೀರಲ್ಲ ಸಾರ್, ಅದನ್ನೇ ಜೋರಾಗಿ" ಅಂದರು. ಒಂದು ವಾರ ನಾನು ಗಂಟಲಿಂದಲೇ ಹಾ ಅಂದೆ. ಗಂಟಲು ಕೆರೆದದ್ದೇ ಬಂತು. ಹೊಟ್ಟೆ ಮೇಲೆ ಕೈಯಿಟ್ಟು, ಅದು ಬಿಗಿಯಾಗೋ ಹಾಗೆ ಊದಿದ ದಿನ ಮೊದಲ ಸಲ ತಳದಿಂದ ಏನೋ ಅಲುಗಿತು. ಅರ್ಧ ಉಸಿರೆಳೆದು ಉದ್ದಕ್ಕೆ ಹಫ್ ಮಾಡಿದರೆ ಆಳದ ಕಫ ಹೊರಡುತ್ತೆ; ಅದು ಮೇಲೆ ಬಂದು ಗೊರಗುಟ್ಟಿದಾಗ ಪೂರ್ತಿ ಉಸಿರೆಳೆದು ಚಿಕ್ಕ ಹಫ್. ಕಾಸಿನ ಖರ್ಚಿಲ್ಲ. ಆದರೆ ಜ್ವರ ಬಂದು ಸುಸ್ತಾದ ದಿನ ಎಣಿಕೆ ತಪ್ಪುತ್ತೆ, ಮನಸ್ಸೂ ನಿಲ್ಲಲ್ಲ.

ಅಂಥ ದಿನಕ್ಕೆ ಇರಲಿ ಅಂತಲೇ ಅಕಪೆಲ್ಲಾ ಅನ್ನೋ, ಕೈಯಲ್ಲಿ ಹಿಡಿದು ಬಾಯಿಂದ ಊದೋ ಸಾಧನ ಕೊಂಡೆ. ಒಳಗೆ ಅಯಸ್ಕಾಂತ, ಸನ್ನೆಗೋಲು. ಊದಿದರೆ ಡರ್ರ್ ಅಂತ ಎದೆವರೆಗೂ ನಡುಗು. ಇದೇ ಥರದ, ಒಳಗೆ ಗುಂಡು ಕುಣಿಯೋ ಫ್ಲಟರ್ ಅನ್ನೋದನ್ನು ಸರಿಯಾದ ಓರೆಯಲ್ಲೇ ಹಿಡಿಯಬೇಕು, ಇದನ್ನು ಮಲಗಿಯೂ ಊದಬಹುದು. ನನ್ನ ತಪ್ಪೆಂದರೆ ಬಣ್ಣ ಕೇಳದೆ ತಂದದ್ದು. ಹಸಿರಿನದಕ್ಕೆ ನಿಮಿಷಕ್ಕೆ 15 ಲೀಟರ್ ರಭಸದಲ್ಲಿ ಮೂರು ಸೆಕೆಂಡ್ ಊದೋ ದಮ್ಮು ಬೇಕು. ಅಷ್ಟಿಲ್ಲದವರಿಗೆ ನೀಲಿ. ಸುಸ್ತಿನ ದಿನಕ್ಕೆ ಅಂತ ತಂದದ್ದು ಸುಸ್ತಿನ ದಿನವೇ ಮಿಸುಕಲಿಲ್ಲ.

ಬಾಟಲಿಗೆ ಬಂದದ್ದು ಹೀಗೆ. ಲೀಟರ್ ಬಾಟಲಿಗೆ ಹತ್ತು ಸೆಂಟಿಮೀಟರ್ ನೀರು, ತಳದವರೆಗೆ ಕೊಳವೆ, ಬಾಟಲಿ ಬಾಯಿ ತೆರೆದೇ ಇರಲಿ. ಗುಳುಗುಳು ಅಂತ ನಿಧಾನ ಊದೋದು. ನೀರಿನ ಎತ್ತರವೇ ಒತ್ತಡ. ಅದು ಎದೆಯೊಳಗಿನ ಕೊಳವೆಗಳನ್ನು ಮುಚ್ಚಿಕೊಳ್ಳದಂತೆ ಹಿಡಿಯುತ್ತೆ, ಗಾಳಿ ಕಫದ ಹಿಂದಕ್ಕೆ ಹೋಗುತ್ತೆ. ಮೊದಲು ನಾನು ಡ್ರಿಪ್ ಸೆಟ್ಟಿನ ಕೊಳವೆ ಹಾಕಿ ಊದಿ, ಕಿವಿ ಗುಂಯ್ ಅಂದು ತಲೆ ಸುತ್ತಿ ಕೂತೆ. ಒಳಗಲ ಕಡೇಪಕ್ಷ 8 ಮಿಲಿಮೀಟರ್ ಇರಬೇಕಂತೆ, ಇಲ್ಲದಿದ್ದರೆ ಕೊಳವೆಯೇ ಅಡ್ಡ. ಗಾರೆಯವರು ಮಟ್ಟ ನೋಡೋ ಪಾರದರ್ಶಕ ಲೆವೆಲ್ ಪೈಪ್ ಸರಿಹೋಯಿತು. ದಿನಾ ನೀರು ಚೆಲ್ಲಿ ಒಣಗಿಸೋದು ಮರೆಯಬಾರದು, ಅದೊಂದು ರಗಳೆ.

ನಡುಗಿಸೋ ಜಾಕೆಟ್ಟನ್ನು ಒಮ್ಮೆ ಹಾಕಿ ನೋಡಿದೆ. ಹಾಯಾಗಿತ್ತು, ಬೆಲೆ ಲಕ್ಷಗಟ್ಟಲೆ ಅಂದರು, ಬಿಚ್ಚಿಟ್ಟೆ.

ಈಗ ಬೆಳಿಗ್ಗೆ ಡಾಕ್ಟರು ಹೇಳಿದ ಇನ್ಹೇಲರ್ ಪಫ್, ಹತ್ತು ಸಲ ಬಾಟಲಿ, ಎರಡು ಹಫ್, ಹೀಗೇ ನಾಲ್ಕೈದು ಸುತ್ತು. ಹಫ್ ಬಾರದಿದ್ದರೆ ಬಾಟಲಿಯೂ ದಂಡ, ಅಕಪೆಲ್ಲಾನೂ ದಂಡ; ಅವು ಸಡಿಲಿಸುತ್ತವೆ ಅಷ್ಟೆ. ಕಫದಲ್ಲಿ ರಕ್ತ ಕಂಡರೆ ಎಲ್ಲ ನಿಲ್ಲಿಸಿ ಡಾಕ್ಟರಿಗೆ ಫೋನ್. ಮದುವೆಮನೆಗೆ ಬಾಟಲಿ ಒಯ್ಯಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಹಾ ಹಾ ಅಂತೀನಿ, ಹೊರಗೆ ಚೊಂಬು ಹಿಡಿದು ನಿಂತವರು ಏನಂದುಕೊಳ್ಳುತ್ತಾರೋ.