ಕಲಬುರಗಿ ಸರ್ಕಾರಿ ಕ್ವಾರ್ಟರ್ಸ್ ರಿಪೇರಿ: 5ಕ್ಕ 2 ಸ್ಟಾರ್, ಅದೂ ಗೌಂಡಿ ಸಲುವಾಗಿ

ನಾಕು ವರ್ಷ ಆಯ್ತು ಮ್ಯಾಲಿನ ಫ್ಲೋರಿನ ಮನಿಯಾಗ ಇದ್ದೀವಿ. ಬಾಡಿಗಿ ಅಂತ ಯಾರ ಕೈಯಾಗೂ ಕೊಡಂಗಿಲ್ಲ ಖರೆ, ಆದ್ರ ಪಗಾರದಾಗ ಎಚ್‌ಆರ್‌ಎ (ಮನಿ ಬಾಡಿಗಿ ಭತ್ಯೆ) ಬರಂಗಿಲ್ಲ, ಅದರ ಮ್ಯಾಲ ಲೈಸೆನ್ಸ್ ಫೀ ಪಗಾರದಾಗೇ ಕಟ್ ಆಗ್ತದ, ಪುಕ್ಕಟ ಏನ್ ಇಲ್ರಿ, ರಿಪೇರಿ ಕೇಳೋದು ನಮ್ಮ ಹಕ್ಕು.

ಹೋದ ವರ್ಷ ಜೂನ್‌ನಾಗೇ ಅಡಗಿಮನಿ ಸ್ಲ್ಯಾಬ್ ಹಸಿ ಹಿಡೀತು. ರಿಪೇರಿ ನೋಡೋ ಆಫೀಸಿಗೆ ಫೋನ್ ಮಾಡಿದ್ರ "ನೋಡ್ತೀವಿ ಬಿಡ್ರಿ ಮೇಡಂ", ಹೋಗಿ ನಿಂತ್ರ "ಸಾಹೇಬ್ರು ಸೈಟಿಗೆ ಹೋಗ್ಯಾರ", ಜುಲೈದಾಗ "ಗ್ರ್ಯಾಂಟ್ ಬಂದಿಲ್ಲ". ಆಗಸ್ಟ್‌ನಾಗ ಒಂದಿನ ಮುಂಜಾನೆ ರೊಟ್ಟಿ ಬಡೀಲಕತ್ತಿದ್ದೆ, ಅಂಗೈ ಅಗಲದ ಗಿಲಾವು (ಪ್ಲಾಸ್ಟರ್) ಕಳಚಿ ಸೀದಾ ಜ್ವಾಳದ ಹಿಟ್ಟಿನ ಪರಾತದಾಗ ಬಿತ್ತು. ಮ್ಯಾಲ ನೋಡಿದ್ರ ಕೆಂಪಗ ಜಂಗ್ ಹಿಡಿದ ರಾಡ್ ಕಾಣ್ಲಕತ್ತಿತ್ತು. ಸಣ್ಣ ಮಗಳು ದಿನಾ ಅಲ್ಲೇ ಕುಂತು ಹಾಲು ಕುಡೀತಾಳ, ನನ್ನ ಕೈಕಾಲು ನಡಗಿದ್ವು.

ಅವತ್ತೇ ಬಾಯಿಮಾತು ಬಿಟ್ಟೆ. ಮನಿ ನಂಬರ್, ಎಂದೆಂದು ಫೋನ್ ಮಾಡಿದ್ದೆ ಅನ್ನೋ ತಾರೀಖು, ಫೋಟೋ ಎಲ್ಲಾ ಹಚ್ಚಿ ಅದೇ ಆಫೀಸಿಗೆ ಅರ್ಜಿ ಕೊಟ್ಟೆ, "ಇಟ್ಟು ಹೋಗ್ರಿ" ಅಂದ್ರು, ನಾ ಝೆರಾಕ್ಸ್ ಮ್ಯಾಲ ಸೀಲು, ಅರ್ಜಿ ದಾಖಲಾದ ಇನ್ವರ್ಡ್ ನಂಬರ್ ಬೀಳೋತನ ಟೇಬಲ್ ಬಿಟ್ಟು ಕದಲಲಿಲ್ಲ. ಆಮ್ಯಾಲ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕ ಹಚ್ಚಿ ಕಂಪ್ಲೇಂಟ್ ನಂಬರ್ ತಗೊಂಡೆ. 15 ದಿನ ಸುದ್ದಿ ಇಲ್ಲ. ಕಡೀಕ ಮಾಹಿತಿ ಹಕ್ಕಿನಾಗ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ನನ್ನ ಅರ್ಜಿ ಯಾರ ಟೇಬಲ್ ಮ್ಯಾಲ ಅದ, ಎಸ್ಟಿಮೇಟ್ ಮಾಡಿದ್ರ ಕಾಪಿ ಕೊಡ್ರಿ ಅಂತ ಕೇಳಿದೆ. 2005ರ ಕಾಯ್ದೆ ಪ್ರಕಾರ ಅದಕ್ಕ 30 ದಿನದಾಗ ಉತ್ತರ ಕೊಡಲೇಬೇಕು. ಉತ್ತರ ಬರೋಕಿಂತ ಮೊದಲ, 12ನೇ ದಿನಕ್ಕ ಜೆಇ (ಜೂನಿಯರ್ ಇಂಜಿನಿಯರ್) ಅವರೇ ಮನಿಗೆ ಬಂದ್ರು!

ಆಮ್ಯಾಲ ರಿಪೇರಿಗೆ ಬಂದ ಗೌಂಡಿ ಕೆಲಸ ಮಾತ್ರ ಎದಿ ಮುಟ್ಟಿ ಹೇಳ್ತೀನಿ, ಭಾಳ ಛಲೋ. ಗಿಲಾವು ಮೆತ್ತಿ ಹೋಗೋ ಮನಷ್ಯಾ ಅಲ್ಲ. ಮೊದಲ ಮಾಳಿಗಿ ಹತ್ತಿದ, ಮಳಿನೀರು ಹೋಗೋ ಪೈಪಿನಾಗ ಬೇವಿನ ಎಲಿ ಗಿಚ್ಚಿ ತುಂಬಿತ್ತು, ಬುಟ್ಟಿ ಗಟ್ಲೆ ತೆಗೆದ. ನೀರು ನಿಂತು ಸ್ಲ್ಯಾಬ್‌ನಾಗ ಇಳೀತದ, ರಾಡಿಗೆ ಜಂಗ್ ಬರ್ತದ, ಜಂಗ್ ಬಂದ ರಾಡ್ ಉಬ್ಬಿ ಸಿಮೆಂಟ್ ಹೊರಗ ದಬ್ಬತದ ಅಕ್ಕ ಅಂತ ತಿಳಿಸಿ ಹೇಳಿದ. ರಾಡ್ ವೈರ್ ಬ್ರಶ್‌ಲೆ ತಿಕ್ಕಿ, ಜಂಗ್ ತಡಿಯೋ ಬಣ್ಣ ಹಚ್ಚಿ, ಆಮ್ಯಾಲ ಗಿಲಾವು ಮಾಡಿದ. ಎರಡೇ ದಿನದ ಕೆಲಸ ಅದು, ಅದಕ್ಕ ಮೂರೂವರೆ ತಿಂಗಳು ಅಲದಾಡಿಸಿದ್ರು. ಮೇ ತಿಂಗಳದಾಗ ಒಮ್ಮೆ ಯಾರರ ಹತ್ತಿ ಆ ಪೈಪ್ ಸ್ವಚ್ಛ ಮಾಡಿದ್ರ ಸಾಕಿತ್ತು.

ಬಾಜೂ ಬ್ಲಾಕಿನ ಅಕ್ಕೋರ ಮನಿಯಾಗ ಈಗ ಸ್ವಿಚ್ ಬೋರ್ಡ್ ಹಸಿಯಾಗಿ ಶಾಕ್ ಹೊಡೀಲಕತ್ತದ, ಅವರು ಇನ್ನಾ ಫೋನೇ ಮಾಡ್ಲಕತ್ತಾರ. ಆ ರೂಮಿನ ಕರೆಂಟ್ ಲೈನ್ ಬಂದ್ ಮಾಡ್ರಿ ಅಂತ ಅವರಿಗೆ ಹೇಳಿ, ನಿನ್ನೆ ಅರ್ಜಿ ನಾನೇ ಬರ್ಕೊಟ್ಟೀನಿ. ಸೋಮವಾರ ಇಬ್ಬರೂ ಕೂಡಿ ಹೋಗಿ ಸೀಲು ಹಾಕಿಸ್ಕೊಂಡೇ ಬರ್ತೀವಿ.